ಕಮಲಾಪುರದಲ್ಲಿ ಅವ್ವ ಸೆರಗೊಡ್ಡಿದ್ದು

ಈ ಊರು ನನ್ನನ್ನು ಬರಮಾಡಿಕೊಂಡದ್ದು ಅಂಗಾಲಿಗೆ ಬರೆ ಹಾಕಿ.

ಏಪ್ರಿಲ್ ತಿಂಗಳ ನಡುಮಧ್ಯಾಹ್ನ. ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಬಾಡಿಗೆಗೆ ಹಿಡಿದ ಎರಡು ಕೋಣೆಯ ಮನೆ. ಬಂದ ಮರುದಿನ, ಒಗೆದ ಬಟ್ಟೆ ಹರವೋಣವೆಂದು ಬರಿಗಾಲಲ್ಲಿ ಅಂಗಳಕ್ಕಿಳಿದೆ. ನಂಜನಗೂಡಿನಲ್ಲಿ ಹುಟ್ಟಿ ಬೆಳೆದವಳು ನಾನು. ಕಪಿಲೆಯಲ್ಲಿ ಕಾಲದ್ದಿ, ಹಾಗೇ ಒದ್ದೆ ಪಾದದಲ್ಲಿ ಬೀದಿ ನಡೆದು ಮನೆ ಸೇರಿದ ಕಾಲುಗಳಿವು. ಇಲ್ಲಿ ಅಂಗಳಕ್ಕೆಲ್ಲ ಶಹಾಬಾದಿನ ಕಲ್ಲು ಹಾಸಿದ್ದರು. ನಾಲ್ಕನೆಯ ಹೆಜ್ಜೆಗೆ ಬಕೆಟ್ಟು ಕೈಬಿಟ್ಟು ಕಿರುಚಿದೆ. ಮನೆಯೊಡತಿ ಸುಮತಿ ಮಾವಶಿ ಬಾಗಿಲಿಗೆ ಓಡಿಬಂದರು. ಅದು ಅರ್ಧ ಮರಾಠಿ, ಅರ್ಧ ಕನ್ನಡ ಆಡುವ ವೈಷ್ಣವರ ಮನೆ. ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಓಣಿಗೆಲ್ಲ ಅವರು ಮಾವಶಿಯೇ.

“ಅಗ ಬಾಯಿ! ಚಪ್ಪಲ್ ಇಲ್ದ ಇಳದೀರೇನ್ರಿ? ಈ ಕಲ್ಲಿನ ಮ್ಯಾಲ ನಾವು ಹಪ್ಪಳ ಒಣಗಸ್ತೀವ್ರಿ, ಕಾಲಲ್ಲ!”

ಬೊಬ್ಬೆ ಒಣಗಲು ಒಂದು ವಾರ ಹಿಡಿಯಿತು. ಆ ವಾರದಲ್ಲಿ ಈ ಊರಿನ ಮೊದಲ ಪಾಠ ಕಲಿತೆ: ಇಲ್ಲಿ ಏನು ಕೇಳಿದರೂ ಉತ್ತರ ಬಿಸಿಲು. ಹಾಲು ಒಡೆಯಿತೇ, ಬಿಸಿಲು. ಅಂಗಡಿ ಮುಚ್ಚಿದೆಯೇ, ಬಿಸಿಲು. ತಲೆ ತಿರುಗಿತೇ, “ಬಿಸಲ ಹೊಡದದ್ರಿ, ಉಳ್ಳಾಗಡ್ಡಿ ತಿನ್ರಿ.” ಉಳ್ಳಾಗಡ್ಡಿ ಎಂದರೆ ನಮ್ಮ ಈರುಳ್ಳಿ. ಈ ಪಾಠವನ್ನು ನಾನು ಅಗತ್ಯಕ್ಕಿಂತ ಹೆಚ್ಚಾಗಿಯೇ ಕಲಿತುಬಿಟ್ಟೆ. ಅದರಿಂದಾದ ತಪ್ಪನ್ನೂ, ಆ ತಪ್ಪಿನ ಬಾಯಿಂದ ನನ್ನನ್ನು ಎಳೆದು ತಂದ ನನ್ನವ್ವನನ್ನೂ ಕುರಿತು ನಮ್ಮ ಕಡೆಯವರಿಗೆ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಇಲ್ಲಿಗೆ ಬಂದದ್ದು ಬಾಳೆಯ ಬೆನ್ನು ಹಿಡಿದು. ನಿಮಗೆ ನಂಜನಗೂಡಿನ ರಸಬಾಳೆ ಗೊತ್ತು. ತೆಳು ಸಿಪ್ಪೆ, ಮನೆಯೆಲ್ಲ ಹಬ್ಬುವ ಪರಿಮಳ. ಈಗ ಹುಡುಕಿದರೂ ಸಿಗುವುದು ಕಷ್ಟ. ಇಲ್ಲಿ ಕಲಬುರಗಿಯಿಂದ ಬಸ್ಸಿನಲ್ಲಿ ಒಂದು ತಾಸು ಹೋದರೆ ಕಮಲಾಪುರ. ಅಲ್ಲಿನ ಹೆಸರು ಕೆಂಪು ಬಾಳೆ. ದಪ್ಪ ಸಿಪ್ಪೆ, ತಾಮ್ರದ ಬಣ್ಣ, ಒಂದು ತಿಂದರೆ ಒಂದು ಹೊತ್ತಿನ ಊಟ. ನಮ್ಮದು ನಾಚಿಕೆಯ ಹೆಣ್ಣಾದರೆ ಇದು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತ ಹೆಣ್ಣು. ಕಮಲಾಪುರದ ಬೆಳೆಗಾರರ ಸಂಘವೊಂದಕ್ಕೆ ತೋಟಗಾರಿಕೆ ಓದಿದವರು ಬೇಕಾಗಿತ್ತು. ನನಗೆ ಕೆಲಸ ಬೇಕಾಗಿತ್ತು.

ಕೆಲಸ ಹೇಳಲು ಸುಲಭ. ಬಾಳೆಯ ಬುಡದಲ್ಲಿ ಏಳುವ ಮರಿಗೆ ನಾವು ಕಂದು ಎನ್ನುತ್ತೇವಲ್ಲ, ಹೊಸ ತೋಟ ಹಾಕುವುದು ಆ ಕಂದಿನಿಂದಲೇ. ಯಾವ ತಾಯಿಗಿಡ ಆರೋಗ್ಯವಾಗಿದೆ, ಯಾವುದರ ಕಂದು ತೆಗೆಯಬಹುದು ಎಂದು ನೋಡಿ ನಾನು ಅದಕ್ಕೊಂದು ಹಸಿರು ಪಟ್ಟಿ ಕಟ್ಟಬೇಕು. ಪಟ್ಟಿ ಕಟ್ಟಿದೆನೆಂದರೆ ಅದು ನನ್ನ ಮಾತು. ಆ ಮಾತನ್ನು ನಂಬಿ ಇನ್ನೊಬ್ಬರು ತಮ್ಮ ಹೊಲದಲ್ಲಿ ಗುಂಡಿ ತೋಡುತ್ತಾರೆ.

ಮೊದಲ ವರ್ಷ ಒಂಟಿಯಾಗಿ ಕಳೆದೆ. ಹೇಳಿಕೊಳ್ಳುವಂಥ ಗೆಲುವುಗಳು ಕಡಿಮೆ. ಸಂತೆಯಲ್ಲಿ ಹಣ್ಣಿನ ಗಾಡಿಯವರು “ಮೌಜ್, ಮೌಜ್” ಎಂದು ಕೂಗಿದಾಗ ಅದು ದಖನಿಯಲ್ಲಿ ಬಾಳೆಹಣ್ಣೆಂದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು. ಬಾಳೆಯ ಕೆಲಸಕ್ಕೇ ಬಂದವಳು! ಮುದ್ದೆ ನುಂಗುವ ಗಂಟಲಿಗೆ ಜೋಳದ ರೊಟ್ಟಿ ಅಗಿಯುವುದನ್ನು ಕಲಿಸಿದೆ. ಭಾನುವಾರಗಳಂದು ಮಾತ್ರ ಏನೂ ಕಲಿಯಲಾಗಲಿಲ್ಲ. ಬಾಗಿಲು ಹಾಕಿಕೊಂಡು, ನೀರು ಚಿಮುಕಿಸಿದ ನೆಲದ ಮೇಲೆ ಮಲಗಿ, ಅವ್ವನಿಗೆ ಫೋನು ಮಾಡಿ, “ಇಲ್ಲಿ ಎಲ್ಲಾ ಬೇರೆ ಕಣವ್ವ” ಎನ್ನುತ್ತಿದ್ದೆ.

“ನಾಕ್ ದಿಸ ಬತ್ತೀನಿ ಇರು, ಏನ್ ಬೇರೆಯೋ ನಾನೂ ನೋಡ್ತೀನಿ” ಎಂದು ಅವ್ವ ಈ ಮೇ ತಿಂಗಳಲ್ಲಿ ರೈಲು ಹತ್ತಿ ಬಂದಳು.

ನನ್ನವ್ವನನ್ನು ನಿಮ್ಮಲ್ಲಿ ಕೆಲವರು ನೋಡಿಯೇ ಇರುತ್ತೀರಿ. ದೇವಸ್ಥಾನದ ಬೀದಿಯಲ್ಲಿ ಗೋಣಿಚೀಲ ಹಾಸಿ ಬಾಳೆಹಣ್ಣು ಮಾರುತ್ತಿದ್ದವಳು. ಅಪ್ಪ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅವಳ ಬುಟ್ಟಿಯ ಪಕ್ಕದಲ್ಲೇ ಕೂತು ನಾನು ಮಗ್ಗಿ ಕಲಿತೆ. ಕಾಯಿಯ ಕತ್ತು ಹಿಡಿದು ನೋಡಿ ಅದು ಯಾವ ದಿನ ಹಣ್ಣಾಗುತ್ತದೆಂದು ಹೇಳುತ್ತಿದ್ದಳು. ಒಂದು ದಿನ ಆಚೀಚೆಯಾದರೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಅಕ್ಷರ ಬಾರದು. ನಾನು ಪದವಿ ಮುಗಿಸಿದ ದಿನ ನನ್ನ ಪುಸ್ತಕಗಳನ್ನು ಒಂದೊಂದಾಗಿ ಕೈಯಲ್ಲಿ ತೂಗಿ ನೋಡಿ, “ಇಷ್ಟೂ ಬಾಳೆ ಬಗ್ಗೇನಾ? ಪಾಪ, ಬಾಳೆಗೇ ಗೊತ್ತಿಲ್ಲ” ಎಂದಿದ್ದಳು.

ಬಂದ ಒಂದು ವಾರಕ್ಕೆ ಅವಳು ಈ ಊರನ್ನು ನನಗಿಂತ ಚೆನ್ನಾಗಿ ಬಲ್ಲವಳಾದಳು. ಗುಟ್ಟು ಇಷ್ಟೇ: ನಾನು ಬೇರೆಯಾದದ್ದನ್ನು ಎಣಿಸುತ್ತಿದ್ದೆ, ಅವಳು ಒಂದೇ ಆಗಿರುವುದನ್ನು ಹುಡುಕುತ್ತಿದ್ದಳು. ಪುಂಡಿ ಪಲ್ಯ ಕೊಟ್ಟರೆ ಬಾಯಿಗಿಟ್ಟು, “ಇದು ನಮ್ಮ ಹುಳಿಸೊಪ್ಪಿನ ತಂಗಿ ಕಣ್ರವ್ವಾ” ಎಂದಳು. ಮಾವಶಿಯ ಮಡಿ ಅಡುಗೆಮನೆಯ ಹೊಸ್ತಿಲಾಚೆ ಕೂತು, ದಾಟದೆ, ಅವರ ಹತ್ತಿರ ಎರಡು ಗಂಟೆ ಹರಟುತ್ತಿದ್ದಳು. ಅವಳ ಮಾತು ಮಾವಶಿಗೆ ಅರ್ಧ ತಿಳಿಯುತ್ತಿತ್ತು, ಮಾವಶಿಯದು ಅವಳಿಗೆ ಅರ್ಧ. ಇಬ್ಬರೂ ಪೂರ್ತಿ ನಗುತ್ತಿದ್ದರು.

ಜೂನಿನ ಮೊದಲ ವಾರ, ಒಂದು ಶುಕ್ರವಾರ, ಅವ್ವನನ್ನು ಕಮಲಾಪುರದ ಗುಂಡಪ್ಪ ಕಾಕಾನ ತೋಟಕ್ಕೆ ಕರೆದುಕೊಂಡು ಹೋದೆ. ನಾನು ಮೊದಲು ಹಸಿರು ಪಟ್ಟಿ ಕಟ್ಟಿದ ತೋಟ ಅದು. ಊರಲ್ಲಿ ನನ್ನನ್ನು ಮೊದಲು “ನಮ್ಮ ಮೇಡಂ” ಎಂದವರೂ ಕಾಕಾನೇ. ತೋರಿಸಿ ಮೆರೆಯುವ ಆಸೆ ನನಗೆ.

ಕಾಕಾ ಬೇರೆಯದೇ ಸಡಗರದಲ್ಲಿದ್ದರು. ಒಬ್ಬಳೇ ಮಗಳು ಮಾದೇವಿಯನ್ನು ಮಹಾಗಾಂವಕ್ಕೆ ಕೊಟ್ಟಿದ್ದಾರೆ. ಅಲ್ಲಿ ಜೋಳ, ತೊಗರಿ ಬಿಟ್ಟರೆ ಬೇರೆ ಬೆಳೆ ಇರಲಿಲ್ಲ. ಹೊಸ ಬೋರಿಗೆ ನೀರು ಬಿದ್ದದ್ದೇ ಮಾದೇವಿ ಹಟ ಹಿಡಿದು, ಅತ್ತೆಯ ಮನೆಯವರನ್ನು ಒಪ್ಪಿಸಿ, ಒಂದು ಎಕರೆಯಲ್ಲಿ ಬಾಳೆಗೆಂದು ಗುಂಡಿ ತೋಡಿಸಿದ್ದಳು. ಕಂದು ತವರಿನದೇ ಆಗಬೇಕು. ಮರುದಿನ ಶನಿವಾರ ಬೆಳಿಗ್ಗೆ ಟೆಂಪೊ ಬರುವುದಿತ್ತು.

“ಮಿರಗ ಬೀಳೋದ್ರಾಗ ನೆಲಕ್ಕ ಹೋಗ್ಬೇಕ್ರಿ” ಎಂದರು ಕಾಕಾ. ಮಿರಗ ಎಂದರೆ ಮೃಗಶಿರಾ ಮಳೆ. “ನಿಮ್ಮ ಮಗಳ ಪಟ್ಟಿ ನೋಡ್ರಿ ಅಕ್ಕಾರ, ಎಲ್ಲಾ ಗಿಡಕ್ಕ ತಾಯತ ಕಟ್ಟಿದಂಗ ಕಟ್ಯಾರ.”

ಅವ್ವ ನಗಲಿಲ್ಲ. ತೋಟದ ತಗ್ಗಿನ ಕಡೆ ಒಂದು ಸಾಲಿನ ಮುಂದೆ ನಿಂತುಬಿಟ್ಟಿದ್ದಳು. ನಾಲ್ಕೈದು ಗಿಡಗಳ ಕೆಳಗಿನ ಎಲೆ ಹಳದಿಯಾಗಿ, ಕಾಂಡದ ಸುತ್ತ ಮುರಿದು ಜೋತುಬಿದ್ದಿದ್ದವು. ಈ ವರ್ಷದ ಏಪ್ರಿಲಿನಲ್ಲಿ ಅವನ್ನು ನಾನೂ ಕಂಡಿದ್ದೆ. ಆಗ ಕಾಕಾನನ್ನು ಕೇಳಿದ್ದೆ. “ಬಿಸಲಿಗ್ರಿ ಅದು” ಎಂದಿದ್ದರು. ಹೌದೆಂದುಕೊಂಡು ಪಟ್ಟಿ ಕಟ್ಟಿದ್ದೆ. ಗಿಡ ಸೀಳಿ ನೋಡಲು ಹೋಗಲಿಲ್ಲ.

ಅವ್ವ ಬಗ್ಗಿ, ಉದುರಿದ್ದ ಒಂದು ಎಲೆಯ ದಂಟನ್ನು ಎತ್ತಿ ಕೈಚೀಲಕ್ಕೆ ಹಾಕಿಕೊಂಡಳು. ಕಾಕಿ, ಎಂದರೆ ಕಾಕಾನ ಹೆಂಡತಿ, ಕೊಟ್ಟ ಚಹಾ ಕುಡಿದಳು. ಬಸ್ಸಿನಲ್ಲಿ ಒಂದು ತಾಸು ಆ ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಮನೆಗೆ ಬಂದು ಕಾಲು ತೊಳೆದವಳೇ ಆ ದಂಟನ್ನು ನನ್ನ ಮುಂದೆ ಲಟ್ಟನೆ ಮುರಿದಳು. ಒಳಗೆ ಬಿಳಿ ಇರಬೇಕಾದಲ್ಲಿ ಸುಟ್ಟ ದಾರದಂಥ ಕಂದುಬಣ್ಣದ ಎಳೆಗಳು.

“ಇದೇನು ಗೌರಿ?”

“ಬಿಸಿಲಿಗೆ ಕಣವ್ವ. ಇಲ್ಲಿನ ಬಿಸಿಲು ನಿಂಗೊತ್ತಿಲ್ಲ.”

“ಬಿಸ್ಲು ಎಲೆಯ ಅಂಚಿಂದ ಸುಡ್ತದೆ ಮಗಾ. ಒಳಗಿಂದ ಸುಡಕಿಲ್ಲ.”

ಆ ರೋಗದ ಹೆಸರು ಗೊತ್ತಿತ್ತು ನನಗೆ, ಚಿತ್ರ ಬಿಡಿಸಿ ಅಂಕ ತೆಗೆದುಕೊಂಡಿದ್ದೆ. ಸೊರಗು ರೋಗ. ನಮ್ಮ ರಸಬಾಳೆಯನ್ನು ಮಣ್ಣು ಮಾಡಿದ್ದು ಅದೇ. ಮಣ್ಣಲ್ಲಿ ಕೂತರೆ ವರ್ಷಗಟ್ಟಲೆ ಏಳುವುದಿಲ್ಲ. ನೀರಿನ ಜೊತೆ, ಸಲಿಕೆಗೆ ಅಂಟಿದ ಮಣ್ಣಿನ ಜೊತೆ ನಡೆಯುತ್ತದೆ. ಎಲ್ಲಕ್ಕಿಂತ ಸಲೀಸಾಗಿ ಕಂದಿನೊಳಗೆ ಕೂತು ಹೊಸ ಊರಿಗೆ ಹೋಗುತ್ತದೆ. ಕಂದು ನೋಡಲು ಗುಂಡುಗುಂಡಗೆ ಚೆನ್ನಾಗಿಯೇ ಇರುತ್ತದೆ. ನಂಜನಗೂಡಿನಲ್ಲಾಗಿದ್ದರೆ ಆ ಜೋತ ಎಲೆ ಕಂಡ ತಕ್ಷಣ ಗಿಡ ಸೀಳುತ್ತಿದ್ದೆ. ಇಲ್ಲಿ ಎಲ್ಲವೂ ಬೇರೆ ಎಂದು ನಂಬಿ ಕೂತಿದ್ದೆ.

“ಸೋಮವಾರ ಹೋಗಿ ನೋಡ್ತೀನಿ. ಪ್ರಯೋಗಾಲಯಕ್ಕೆ ಕಳಿಸಿ, ಅವರು ಹೌದು ಅಂದಮೇಲೆ...”

“ನಾಳೀಕ್ ಟೆಂಪೊ.”

“ಅವ್ವಾ, ನನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ. ನಾನೇ ಪಟ್ಟಿ ಕಟ್ಟಿ, ನಾನೇ ಹೋಗಿ ತಪ್ಪು ಅಂದ್ರೆ ನಾಳೆಯಿಂದ ನನ್ನ ಮಾತು ಯಾರು ಕೇಳ್ತಾರೆ?”

ಅವ್ವ ಗೋಡೆಗೊರಗಿ ಕೂತಳು. ಆಮೇಲೆ ನಾನು ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಕೇಳದ ಮಾತನ್ನು ಹೇಳಿದಳು.

“ನಮ್ ತೋಟ ಹೋದದ್ದು ನಿಮ್ಮಪ್ಪ ಸತ್ತದ್ದಕ್ಕೆ ಅಂದ್ಕಂಡಿದೀಯ. ಅಲ್ಲ. ಮೊದ್ಲೇ ಹೋಗಿತ್ತು. ಇಂಗೇ, ಕೆಳಗಿನ ಎಲೆ ಜೋತಾಡದು. ಪಕ್ಕದ ತೋಟದ ಪುಟ್ಟಸಿದ್ದಿ ಕಂದು ಕೇಳಕ್ ಬಂದ್ಲು. ನಿಮ್ ತಾತ ಸುಮ್ಕಿರು ಅಂದ್ರು. ನಾನು ಸೊಸೆ, ಸುಮ್ಕಿದ್ದೆ. ನಾನೇ ಕಿತ್ಕೊಟ್ಟೆ ಕಣೆ ಈ ಕೈಲಿ. ಮುಂದ್ಲ ವರ್ಸ ಅವಳ ತೋಟ ಪೂರಾ ಒಣಗ್ತು. ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಅವಳ ಮನೆ ಮುಂದೆ ಹಾಯದೆ, ಸುತ್ತಾಕಂಡು, ಬೇರೆ ಬೀದೀಲಿ ಬುಟ್ಟಿ ಹೊತ್ಕಂಡು ಹೋಗ್ತಿದ್ದೆ ನಾನು. ಇಪ್ಪತ್ತು ವರ್ಸ.”

ನಾನೂ ಅವಳ ಸೆರಗು ಹಿಡಿದು ಆ ಸುತ್ತು ದಾರಿಯಲ್ಲಿ ನಡೆದಿದ್ದೆ. ಯಾಕೆಂದು ಕೇಳಿರಲಿಲ್ಲ.

ಹೊಸ್ತಿಲಲ್ಲಿ ನಿಂತಿದ್ದ ಮಾವಶಿ ಅರ್ಧ ಮಾತ್ರ ಕೇಳಿಸಿಕೊಂಡಿದ್ದರು. ನಾನು ಉಳಿದದ್ದನ್ನು ಹೇಳಿದೆ. ಅವರ ಮುಖ ಸಣ್ಣಗಾಯಿತು.

“ಮಗಳು ತವರಿಂದ ಬಾಳಿ ಒಯ್ತಾಳಂದ್ರ ಬರೇ ಟೆಂಪೋದಾಗ ಹಾಕಂಗಿಲ್ರಿ ಗೌರಿ. ತವರ ಮನ್ಯಾಗ ಮೊದಲ ಮರಿ ಆಕಿ ಉಡ್ಯಾಗ ಹಾಕ್ತಾರ. ಉಡಿಗೆ ಬಿದ್ದದ್ದು ತಿರುಗಿ ತಗೀಬಾರ್ದು. ತಗದ್ರ ತವರಿನ ಋಣ ಹರಕೊಂಡಂಗ. ಒಮ್ಮೆ ಬಿತ್ತಂದ್ರ ಆಕಿ ಒಯ್ದು ಹೊಲದಾಗ ಹಚ್ಚಾಕಿನೇ, ನೀವು ಏನ್ ಹೇಳಿದ್ರೂ.”

ಉಡಿ ಎಂದರೆ ಮಡಿಲು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಮಡಿಲಕ್ಕಿ ಕಟ್ಟುತ್ತಾರಲ್ಲ, ಇಲ್ಲಿ ಉಡಿ ತುಂಬುತ್ತಾರೆ. ಅವ್ವ ತಕ್ಷಣ ತಲೆಯೆತ್ತಿದಳು.

“ಎಷ್ಟೊತ್ಗೆ ತುಂಬ್ತಾರೆ?”

“ಮುಂಜಾನಿ. ಒಂಬತ್ತಕ್ಕ ರಾಹುಕಾಲ ಹತ್ತೋದ್ರಾಗ.” ಮಾವಶಿ ಅವ್ವನ ಬರಿಯ ಹಣೆ ನೋಡಿ ದನಿ ತಗ್ಗಿಸಿದರು. “ಆದ್ರ ಅಕ್ಕಾರ, ನೀವು ಅದರ ಮುಂದ ಹೋಗಬ್ಯಾಡ್ರಿ. ಮುತ್ತೈದೇರ ಕಾರ್ಯ ಅದು. ಜನ ಒಂದಕ್ಕ ಎರಡು ಆಡ್ತಾರ.”

ಅವ್ವ ತಲೆಯಾಡಿಸಿದಳು. ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ಫೋನಿನಲ್ಲೇ ಹೇಳಿಬಿಡೋಣ ಎಂದೆ. “ಅವರ ಎದುರಿಗೆ ಕಟ್ಟಿದ್ದನ್ನ ಅವರ ಎದುರಿಗೇ ಬಿಚ್ಚು” ಎಂದಳು.

ಮರುದಿನ ಬೆಳಿಗ್ಗೆ ಏಳರ ಬಸ್ಸು ನಮ್ಮ ಕಣ್ಣೆದುರೇ ಹೊರಟಿತು. ಮುಂದಿನದು ಏಳೂವರೆಗೆ ಬಂದು, ಊರು ದಾಟುವಷ್ಟರಲ್ಲಿ ನಾಲ್ಕು ಕಡೆ ನಿಂತಿತು. ಈಗ ಧೈರ್ಯಗೆಟ್ಟು ನಾನೇ ಕಾಕಾನಿಗೆ ಫೋನು ಮಾಡಿದೆ. ರಿಂಗಾಯಿತು, ರಿಂಗಾಯಿತು, ಎತ್ತಲಿಲ್ಲ. ಮದುವೆಮನೆಯಂಥ ಗದ್ದಲದಲ್ಲಿ ಯಾರು ಕೇಳಬೇಕು? ಮಹಾಗಾಂವದ ಕ್ರಾಸಿನಲ್ಲಿ ಬಸ್ಸು ನಿಂತಾಗ ನಾನು ಕಿಟಕಿಗೆ ಮುಖವಿಟ್ಟು ಎದುರಿನಿಂದ ಬರುವ ಟೆಂಪೊಗಳನ್ನೆಲ್ಲ ನೋಡಿದೆ. ಒಂದರಲ್ಲಿ ಹಸಿರು ಕಂಡಿತು. ಎದ್ದು ನಿಂತೆ. ಮೇವು.

“ನಾನ್ ಮಾತಾಡಕಿಲ್ಲ” ಎಂದಳು ಅವ್ವ, ಮುಂದಿನ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದು. “ನಿನ್ ಮಾತು ನೀನೇ ಆಡ್ಬೇಕು. ನಾನು ಜೊತೇಲಿರ್ತೀನಿ ಅಷ್ಟೆ.”

ಕಮಲಾಪುರದಲ್ಲಿ ಇಳಿದು ಓಡಿದೆವು. ಅರವತ್ತೆರಡರ ಅವ್ವ ನನಗಿಂತ ಮುಂದೆ. ಕಾಕಾನ ಮನೆಯ ಮುಂದೆ ಟೆಂಪೊ ನಿಂತಿತ್ತು, ಬೆನ್ನ ತುಂಬ ಕಂದು ಹೇರಿಕೊಂಡು. ಒಳಗಿನಿಂದ ಹೆಂಗಸರ ಹಾಡು. ಅಂಗಳ ದಾಟಿ ಪಡಸಾಲೆಗೆ ಕಾಲಿಟ್ಟಾಗ ಮಾದೇವಿ ಹಸಿರು ಇಳಕಲ್ ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದಳು. ಹರವಿದ ಸೆರಗಲ್ಲಿ ಜೋಳ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ. ಅವೆಲ್ಲದರ ಮೇಲೆ, ಅರಿಸಿನ ಹಚ್ಚಿದ, ಬುಡದ ಮಣ್ಣು ತೊಳೆದ ಒಂದು ಪುಟ್ಟ ಕಂದು. ಕಾಕಿ ಆಗಷ್ಟೇ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು.

ಬಿದ್ದುಬಿಟ್ಟಿತ್ತು.

“ಬರ್ರಿ ಮೇಡಂ, ಬರೋಬ್ಬರಿ ಟೈಮಿಗೆ ಬಂದ್ರಿ” ಎಂದರು ಕಾಕಾ ಬಾಗಿಲ ಬಳಿಯಿಂದ. ನಾನು ಬಾಯಿ ತೆರೆದೆ. ಹತ್ತು ಹೆಂಗಸರು ನನ್ನ ಮುಖ ನೋಡುತ್ತಿದ್ದರು. ಮಾದೇವಿ ನಗುತ್ತಿದ್ದಳು.

ಅಷ್ಟರಲ್ಲಿ ಅವ್ವ ನನ್ನನ್ನು ದಾಟಿ ಹೋಗಿ ಮಾದೇವಿಯ ಎದುರು, ನೆಲದ ಮೇಲೆ, ಮಂಡಿಯೂರಿ ಕೂತಳು. ಹಾಡು ನಿಂತಿತು.

“ಯಾರವ್ವ ಈಕಿ, ಬರೀ ಹಣಿಯಾಕಿ, ಉಡಿ ಮುಂದ ಬಂದು ಕುಂತಾಳ?” ಎಂದಳು ಒಬ್ಬ ಮುದುಕಿ. ಕಾಕಿ ಅವಸರದಿಂದ, “ಮೇಡಮ್ಮಾರ ಅವ್ವರೀ ಅವ್ರು... ಅಕ್ಕಾರ, ಇತ್ತ ಬರ್ರಿ, ಇತ್ತ ಕುಂದರ್ರಿ” ಎಂದು ತೋಳು ಹಿಡಿದರು.

ಅವ್ವ ಏಳಲಿಲ್ಲ. ತನ್ನ ಸೆರಗನ್ನು ಬಿಚ್ಚಿ, ಎರಡೂ ಕೈಯಲ್ಲಿ ಮಾದೇವಿಯ ಮುಂದೆ ಒಡ್ಡಿದಳು.

“ತಾಯಿ, ಆ ಕಂದನ್ನ ನಂಗೆ ಕೊಡ್ತೀಯಾ?”

“ಉಡ್ಯಾಗಿಂದು ತಗೀಬಾರ್ದ್ರಿ ಅಕ್ಕಾರ!” ಕಾಕಿ ಕೈ ಅಡ್ಡ ಹಿಡಿದರು.

“ತೆಗೀಬ್ಯಾಡ್ರವ್ವ. ಕೊಡಿ ಅಂತಿದೀನಿ. ಹೆಣ್ಣಿನ ಮಡಿಲಿಂದ ಹೆಣ್ಣಿನ ಮಡಿಲಿಗೆ ಬೀಳಬೌದು. ಕೆಟ್ಟದ್ದು ಏನಾರ ಇದ್ರೆ ನನ್ ಮಡಿಲಿಗೇ ಬೀಳ್ಳಿ. ನಂಗೆ ಆಗೋದೆಲ್ಲ ಆಗೋಗದೆ.”

ಹೊರಗೆ ಟೆಂಪೊದವನು ಎರಡು ಸಲ ಹಾರ್ನ್ ಹಾಕಿದ. ಮಾದೇವಿ ಅವ್ವನ ಕೈ ನೋಡಿದಳು, ಹಳೆಯ ಸೀರೆಯ ಆ ಸೆರಗು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಏನು ಕಂಡಳೋ, ಅವಳ ನಗು ಮೆಲ್ಲಗೆ ಆರಿತು. ತನ್ನ ಸೆರಗಿನ ಒಂದು ಅಂಚನ್ನು ಎತ್ತಿದಳು. ಕಂದು ಉರುಳಿ, ನಾಲ್ಕು ಜೋಳದ ಕಾಳಿನ ಜೊತೆ, ಅವ್ವನ ಮಡಿಲಿಗೆ ಬಿತ್ತು.

“ಈಳಿಗೆ ಕೊಡ್ರವ್ವಾ.”

ಯಾರೋ ಅಡುಗೆಮನೆಯಿಂದ ಈಳಿಗೆಮಣೆ ತಳ್ಳಿದರು. ಅವ್ವ ಮಣೆಯ ಮೇಲೆ ಕಾಲಿಟ್ಟು, ಕಂದಿನ ಗೆಡ್ಡೆಯನ್ನು ಅಲುಗಿಗೆ ಒತ್ತಿ ಅಡ್ಡಲಾಗಿ ಸೀಳಿದಳು. ಎರಡು ಹೋಳು. ಬಿಳಿಯ ತಿರುಳಿನ ಸುತ್ತ, ಬಳೆ ಬರೆದಂತೆ, ಕಂದುಬಣ್ಣದ ಚುಕ್ಕೆಗಳು. ಮುದುಕಿ ಕೂಡ ಬಗ್ಗಿ ನೋಡಿದಳು.

ಕಾಕಾ ಬಂದು ಒಂದು ಹೋಳು ಕೈಗೆತ್ತಿಕೊಂಡರು. ಬಾಳೆ ಬೆಳೆದು ಮುದುಕನಾದವರು. ಅವರಿಗೆ ಯಾರೂ ಏನೂ ಹೇಳಬೇಕಿರಲಿಲ್ಲ. ಅವರು ಅವ್ವನನ್ನು ನೋಡಲಿಲ್ಲ.

“ಮೇಡಂ. ಪಟ್ಟಿ ಯಾರ್ ಕಟ್ಟಿದ್ರು?”

ಅವ್ವ ತಲೆ ತಗ್ಗಿಸಿ ಈಳಿಗೆ ಒರೆಸುತ್ತಿದ್ದಳು. ನನ್ನ ಮಾತು ನಾನೇ ಆಡಬೇಕೆಂದು ಬಸ್ಸಿನಲ್ಲಿ ಹೇಳಿದ್ದಕ್ಕೆ ತಪ್ಪಲಿಲ್ಲ ಅವಳು. ಬಾಗಿಲು ತೆರೆದಿದ್ದಳು, ದಾಟುವುದು ನನ್ನ ಪಾಲಿಗಿತ್ತು.

“ನಾನೇ ಕಾಕಾ.”

“ಬಿಸಲಂದಿದ್ರಿ.”

ಬಿಸಿಲೆಂದು ಮೊದಲು ಹೇಳಿದವರು ಅವರೇ. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ನೋಡುವ ಕೆಲಸ ಅವರದಾಗಿರಲಿಲ್ಲ.

“ಗಿಡ ಸೀಳಿ ನೋಡದೆ ಹೌದು ಅಂದೆ. ತಪ್ಪು ನಂದು. ಟೆಂಪೊ ಹೋಗಬಾರದು ಕಾಕಾ. ಒಂದು ಕಂದೂ ಹೋಗಬಾರದು.”

“ಬೀಗರಿಗೆ ಮಾತು ಕೊಟ್ಟೀನ್ರಿ ನಾನು.” ಕಾಕಾ ಬಾಗಿಲ ಕಡೆ ಮುಖ ತಿರುಗಿಸಿದರು. “ಆಕಿ ಜಗಳ ಆಡಿ ಗುಂಡಿ ತೋಡಿಸ್ಯಾಳ. ಈಗ ಖಾಲಿ ಕೈಲೆ ಹೋಗಿ ಏನ್ ಹೇಳ್ತಾಳ? ತವರ ಮನಿ ಬಾಳಿಗೆ ರೋಗ ಬಂದದ ಅಂತಾಳೇನು?”

“ಹಂಗೇ ಅಂತೀನಪ್ಪಾ” ಎಂದಳು ಮಾದೇವಿ. ಸೆರಗಿನ ಜೋಳ ಕಟ್ಟಿಕೊಳ್ಳುತ್ತ ಎದ್ದು ನಿಂತಿದ್ದಳು. “ರೋಗ ಉಡ್ಯಾಗ ಹೊತ್ಕೊಂಡು ಹೋಗೋದಕ್ಕಿಂತ ಬರೇ ಮಾತು ಹೊತ್ಕೊಂಡು ಹೋಗೋದು ಹಗುರ ಅದ. ನನ್ನ ಗುಂಡ್ಯಾಗ ಈ ವರ್ಷ ತೊಗರಿ ಹಾಕ್ತೀನಿ. ನೀ ಅಳಬ್ಯಾಡ.”

ಅಳುತ್ತಿದ್ದಾರೆಂದು ಆಗಲೇ ನಮಗೆಲ್ಲ ತಿಳಿದದ್ದು. ಕಾಕಾ ಹೊರಗೆ ಹೋಗಿ ಟೆಂ‌ಪೊದವನಿಗೆ, “ಇಳಸು” ಎಂದರು. ನನ್ನ ಕಡೆ ತಿರುಗಲಿಲ್ಲ. ಅವತ್ತು ಮಾತ್ರವಲ್ಲ, ಮುಂದೆ ಮೂರು ತಿಂಗಳು.

ಅವ್ವ ನಾಲ್ಕು ದಿನಕ್ಕೆ ಬಂದವಳು ಇನ್ನೂ ಒಂದು ತಿಂಗಳು ಉಳಿದಳು. ಪ್ರಯೋಗಾಲಯದ ಉತ್ತರ ಅವಳ ಮಾತನ್ನೇ ಇಂಗ್ಲಿಷಿನಲ್ಲಿ ಹೇಳಿತು. ತಗ್ಗಿನ ಕಡೆಯ ಅರ್ಧ ತೋಟವನ್ನು ಬುಡಸಮೇತ ಕಿತ್ತು ಸುಡುವ ಕೆಲಸದಲ್ಲಿ ಅವಳು ದಿನವೂ ನಿಂತಳು. ಆ ಮಣ್ಣು ಮೆಟ್ಟಿದ ಕಾಲನ್ನು ತೊಳೆಯದೆ ಮೇಲಿನ ಅರ್ಧಕ್ಕೆ ಯಾರನ್ನೂ ಬಿಡಲಿಲ್ಲ, ಕಾಕಾನನ್ನೂ. ಸಂಘದವರು ನನ್ನನ್ನು ಕರೆಸಿ ಕೇಳಬೇಕಾದ್ದನ್ನೆಲ್ಲ ಕೇಳಿದರು. ಕೆಲಸ ಖಾಯಂ ಆಗುವುದು ಒಂದು ವರ್ಷ ಮುಂದೆ ಹೋಯಿತು. ಸಂತೆಯಲ್ಲಿ ಒಬ್ಬ ನನ್ನನ್ನು ತೋರಿಸಿ “ಬಿಸಲ ಮೇಡಂ” ಎಂದದ್ದು ನನಗೂ ಕೇಳಿಸಿತು.

ಅವ್ವನನ್ನು ರೈಲು ಹತ್ತಿಸಲು ಹೋದ ದಿನ ಹೇಳಿದೆ, “ನಾನೂ ಬಂದುಬಿಡ್ತೀನವ್ವ. ಮೈಸೂರಿನ ಕಡೆ ಏನಾದರೂ ಹುಡುಕ್ತೀನಿ.”

“ಬರೋದಾದ್ರೆ ಬಾ. ಮನೆ ನಿಂದೇ.” ಕಿಟಕಿಯೊಳಗಿನಿಂದ ನನ್ನ ಕೈ ಹಿಡಿದುಕೊಂಡಳು. ಒರಟು ಕೈ, ಬಾಳೆಯ ಸೊನೆ ಹತ್ತಿ ಬೆರಳ ಗೆರೆಗಳೆಲ್ಲ ಕಪ್ಪಾದ ಕೈ. “ಆದ್ರೆ ಆ ಮಿಕ್ಕರ್ಧ ತೋಟ ಉಳೀತದೋ ಇಲ್ವೋ ನೋಡ್ಕಂಡು ಬಾ. ಅದಕ್ ಮುಂಚೆ ಬಂದ್ರೆ ನೀನೂ ನನ್ನಂಗೇ ಬೀದಿ ಸುತ್ತಾಕಂಡು ತಿರುಗ್ಬೇಕಾಯ್ತದೆ. ನಾನು ಊರಿಗೋದ್ ಕೂಡ್ಲೆ ಪುಟ್ಟಸಿದ್ದಿ ಮನೇಗ್ ಹೋಯ್ತೀನಿ.”

ಹೋದಳು. ಹೋದದ್ದನ್ನು ಫೋನಿನಲ್ಲಿ ಹೇಳಿದಳು. ಪುಟ್ಟಸಿದ್ದಮ್ಮ ಬಾಗಿಲು ತೆಗೆದು, ಎಲ್ಲ ಕೇಳಿ, ಒಂದೂ ಮಾತಾಡದೆ ಬಾಗಿಲು ಹಾಕಿಕೊಂಡರಂತೆ. “ಹಾಕ್ಕಳ್ಳಿ ಬುಡು. ಈಗ ಆ ಬೀದೀಲೇ ಓಡಾಡ್ತೀನಿ” ಎಂದಳು ಅವ್ವ. ಹೊತ್ತುಹೊತ್ತಿಗೆ ಉಣ್ಣಿಸಿ, ಓದಿಸಿ, ಸಾಕಿದ್ದಕ್ಕೆ ನಾನು ಅವಳಿಗೆ ಋಣಿಯೆಂದು ಮೊದಲಿಂದಲೂ ಗೊತ್ತಿತ್ತು. ಅಂಥ ಬಾಗಿಲ ಮುಂದೆ ಅವಳು ನಿಂತದ್ದನ್ನು ಕೇಳಿದ ಮೇಲೆ, ಇವಳ ಹೊಟ್ಟೆಯಲ್ಲಿ ಹುಟ್ಟಿದೆನಲ್ಲ ಎಂದು ಮೊದಲ ಸಲ ಬೆರಗಾಯಿತು.

ನಾನು ಇನ್ನೂ ಇಲ್ಲೇ ಇದ್ದೇನೆ. ನಿಮಗೆ ನಿಜ ಹೇಳುತ್ತೇನೆ: ಹೊಸ ಊರು ಪ್ರೀತಿಯಿಂದ ನಮ್ಮದಾಗುತ್ತದೆಂದು ಕೇಳಿದ್ದೆ. ನನ್ನನ್ನು ಇಲ್ಲಿಗೆ ಕಟ್ಟಿಹಾಕಿದ್ದು ಒಂದು ತಪ್ಪು. ರಾತ್ರಿ ಕನಸಿನಲ್ಲಿ ಕಪಿಲೆ ಬರುತ್ತಾಳೆ. ಬೆಳಿಗ್ಗೆ ಎದ್ದ ತಕ್ಷಣ ನೆನಪಾಗುವುದು ಕಾಕಾನ ತೋಟದ ಮೇಲಿನ ಅರ್ಧ. ಇವೆರಡರಲ್ಲಿ ಯಾವುದು ನನ್ನೂರೆಂದು ಕೇಳಿದರೆ ಏನು ಹೇಳಲಿ?

ಕಳೆದ ವಾರ ಕಾಕಾ ತಾವಾಗಿಯೇ ಫೋನು ಮಾಡಿ, “ಬಂದು ನೋಡ್ರಿ” ಎಂದಷ್ಟೇ ಹೇಳಿ ಇಟ್ಟರು. ಹೋದೆ. ಮೇಲಿನ ಸಾಲಿನಲ್ಲಿ ಒಂದು ಕಂದು ಕಿತ್ತು ಕೈಗೆ ಕೊಟ್ಟರು. ಮಣ್ಣಲ್ಲಿ ಕೂತು ಅಡ್ಡಲಾಗಿ ಸೀಳಿದೆ. ಅಂಚಿನಿಂದ ನಡುವಿನವರೆಗೂ ಬಿಳುಪು, ಒಂದು ಚುಕ್ಕೆಯಿಲ್ಲ. ನನ್ನ ಕಣ್ಣು ತುಂಬಿತು. ತಲೆಯೆತ್ತಿ ಅವರ ಮುಖ ನೋಡಿದೆ.

ಕಾಕಾ ಹೋಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಸರಿಯೆನ್ನಲಿಲ್ಲ, ನಗಲೂ ಇಲ್ಲ. ಇನ್ನೊಂದು ಗಿಡದ ಬುಡಕ್ಕೆ ಹೋಗಿ ನಿಂತು ಹೇಳಿದರು:

“ಇದನ್ನೂ ಕಡೀರಿ.”